ಒಳ್ಳೆಯ ಹೆಸರಿಗೆ ಕಾವಲು ಯಾರು?

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬುದು ನಮ್ಮ ಹಿರಿಯರ ಗಾದೆ. ಒಡೆದ ಮುತ್ತಿಗೆ ಅಕ್ಕಸಾಲಿಗನು ಬೆಲೆ ಕಟ್ಟಬಲ್ಲನು. ಆದರೆ ಒಬ್ಬರ ಮಾತಿನಿಂದ ಇನ್ನೊಬ್ಬರ ಹೆಸರು ಕೆಟ್ಟರೆ ಅದರ ಬೆಲೆಯನ್ನು ಕಟ್ಟುವವರು ಯಾರು? ಕೆಟ್ಟ ಹೆಸರನ್ನು ಮರಳಿ ಒಳ್ಳೆಯದಾಗಿಸುವವರು ಯಾರು? ಆ ಭಯದಿಂದ ಮಾತನ್ನೇ ಕಟ್ಟಿಹಾಕಿದರೆ, ಆಳುವವರ ತಪ್ಪನ್ನು ತೋರಿಸುವವರು ಯಾರು? ಮುದ್ರಣಯಂತ್ರ ಬಂದಂದಿನಿಂದ ಇಂದಿನ ಮೊಬೈಲ್ ಫೋನಿನವರೆಗೆ ಈ ಪ್ರಶ್ನೆಗಳು ಮನುಷ್ಯಸಮಾಜವನ್ನು ಬಿಟ್ಟುಹೋಗಿಲ್ಲ.

ಇವುಗಳಿಗೆ ಉತ್ತರವನ್ನು ಹುಡುಕುವವರು ಸಾಮಾನ್ಯವಾಗಿ ದೂರದ ಅಮೆರಿಕದತ್ತ ನೋಡುತ್ತಾರೆ. ಅತ್ತ ನೋಡಬೇಕಾದುದೂ ಸರಿಯೇ. ಆದರೆ ನಮ್ಮ ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು, ಅಂದರೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ, ಈ ಚರಿತ್ರೆಯಲ್ಲಿ ಒಂದೊಂದು ಪುಟವನ್ನು ಪಡೆದಿವೆ ಎಂಬುದನ್ನು ನಾವು ಗಮನಿಸಿಲ್ಲ. ಮುಳಬಾಗಿಲು ಪತ್ರಿಕೆಯ ಕಥೆಯನ್ನು ಹೇಳುತ್ತದೆ. ಕೋಲಾರವು ವೇದಿಕೆಯ ಕಥೆಯನ್ನು, ಶ್ರೀನಿವಾಸಪುರವು ಶಾಸನಸಭೆಯ ಕಥೆಯನ್ನು, ಮಾಲೂರು ಗ್ರಂಥದ ಕಥೆಯನ್ನು ಹೇಳುತ್ತವೆ. ನಾಲ್ಕನ್ನೂ ಒಟ್ಟಿಗೆ ಓದಿದಾಗ ಒಂದು ಸತ್ಯ ಎದ್ದುಕಾಣುತ್ತದೆ. ಮಾತಿಗೆ ಮಿತಿ ಇರಬೇಕೇ ಎಂದು ನಾವು ಕೇಳುತ್ತ ಬಂದಿದ್ದೇವೆ. ಆ ಮಿತಿ ಯಾರನ್ನು ಕಾಪಾಡುತ್ತಿದೆ ಎಂಬ ಪ್ರಶ್ನೆಯನ್ನು ಕೇಳಿದ್ದು ಕಡಿಮೆ.

ಮುಳಬಾಗಿಲು: ಅಪ್ಪಣೆ ಬೇಡಿ ಬರೆಯಬೇಕಾದ ಕಾಲ

ಡಿ.ವಿ. ಗುಂಡಪ್ಪನವರು 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದ ಈ ತರುಣನು ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದು ಪತ್ರಿಕೆಗಳ ಬಾಗಿಲು ತಟ್ಟಿದನು. ಅವರು ಪತ್ರಿಕೋದ್ಯಮಕ್ಕೆ ಕಾಲಿಟ್ಟ ಹೊತ್ತು ಸುಖದ ಹೊತ್ತಾಗಿರಲಿಲ್ಲ. ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ, 1908ರಲ್ಲಿ, ಮೈಸೂರು ಸರ್ಕಾರವು ವೃತ್ತಪತ್ರಿಕೆಗಳ ಮೇಲೆ ಒಂದು ಕಾಯಿದೆಯನ್ನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಸಂಸ್ಥಾನದಲ್ಲಿ ಪತ್ರಿಕೆಯನ್ನು ನಡೆಸುವಂತಿರಲಿಲ್ಲ. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಸರ್ಕಾರದ ಕೈಯಲ್ಲಿಯೇ ಇತ್ತು.

ಈ ಕಾಯಿದೆಗೆ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಕೊಟ್ಟ ಉತ್ತರ ನಮ್ಮ ಪತ್ರಿಕಾ ಚರಿತ್ರೆಯಲ್ಲಿ ಸ್ಮರಣೀಯವಾದುದು. ಜನರು ಪ್ರೀತಿಯಿಂದ 'ತಾತಯ್ಯ' ಎಂದು ಕರೆಯುತ್ತಿದ್ದ ಈ ಹಿರಿಯರು ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು, 'ವೃತ್ತಾಂತ ಚಿಂತಾಮಣಿ' ಮೊದಲಾದ ತಮ್ಮ ಪತ್ರಿಕೆಗಳ ಪ್ರಕಟಣೆಯನ್ನೇ ನಿಲ್ಲಿಸಿಬಿಟ್ಟರು. ಗುಂಡಪ್ಪನವರು ಹಿಡಿದ ದಾರಿ ಬೇರೆ. 1913ರ ಏಪ್ರಿಲ್ 2ರಂದು ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ, ವಾರಕ್ಕೆ ಎರಡು ಬಾರಿ ಹೊರತಂದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ದಿನಗಳಲ್ಲಿ, ಅವರ ಮೇಲೆ ಗೌರವವನ್ನಿಟ್ಟುಕೊಂಡೇ, ಆಡಳಿತವನ್ನು ವಿಮರ್ಶಿಸುವ ಪರಿಪಾಠವನ್ನು ಬೆಳೆಸಿದರು.

ಗುಂಡಪ್ಪನವರು 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನದ ಅಧ್ಯಕ್ಷರಾಗಿದ್ದರು. 'ವೃತ್ತಪತ್ರಿಕೆ' ಎಂಬ ಗ್ರಂಥವನ್ನೇ ಬರೆದರು. ರಾಜ್ಯಶಾಸ್ತ್ರವನ್ನು ಜನಸಾಮಾನ್ಯರಿಗೆ ತಿಳಿಸಿಕೊಡುವುದು ಅವರ ಜೀವಮಾನದ ಕಾಯಕವಾಯಿತು. 1945ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅದರ ಫಲ. ಅವರ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳನ್ನು ಓದಿದವರಿಗೆ ಇನ್ನೊಂದು ಅಂಶವೂ ಹೊಳೆಯದಿರದು. ದಿವಾನರನ್ನೂ ವಿದ್ವಾಂಸರನ್ನೂ ನೆನೆದ ಲೇಖನಿಯೇ ತಮ್ಮ ಊರಿನ ಸಾಮಾನ್ಯ ಗೃಹಸ್ಥರನ್ನೂ ಮರ್ಯಾದೆಯಿಂದ ನೆನೆಯುತ್ತದೆ. ದೊಡ್ಡವರ ಕಾರ್ಯವನ್ನು ಅಂಜದೆ ಒರೆಗೆ ಹಚ್ಚುವುದು, ಚಿಕ್ಕವರ ಹೆಸರನ್ನು ಜೋಪಾನ ಮಾಡುವುದು: ಈ ಎರಡೂ ಒಬ್ಬನೇ ಪತ್ರಕರ್ತನ ಬಾಳಿನಲ್ಲಿ ಕೂಡಿಬಂದದ್ದನ್ನು ಮುಳಬಾಗಿಲು ನಮಗೆ ತೋರಿಸಿದೆ.

ಅಮೆರಿಕ: ತಪ್ಪು ಮಾಡಲೂ ಸ್ವಲ್ಪ ಎಡೆ

ಮೈಸೂರಿನಲ್ಲಿ ಅಪ್ಪಣೆಯ ಕಾಯಿದೆ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, 1791ರಲ್ಲಿ, ಅಮೆರಿಕವು ತನ್ನ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ ವಾಕ್ ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಮೊಟಕುಗೊಳಿಸುವ ಕಾನೂನನ್ನು ಕಾಂಗ್ರೆಸ್ ಮಾಡಕೂಡದೆಂದು ಸಾರಿತ್ತು. ಅದಕ್ಕೂ ಮೊದಲು, 1735ರಲ್ಲಿ, ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಜೆಂಗರ್ ಎಂಬಾತನು ಗವರ್ನರನನ್ನು ಟೀಕಿಸಿದ ಆರೋಪಕ್ಕೆ ಗುರಿಯಾಗಿ, ಪಂಚರ ತೀರ್ಪಿನಿಂದ ಬಿಡುಗಡೆ ಹೊಂದಿದ್ದನು. ಆದರೂ ಮಾನನಷ್ಟದ ಕಾನೂನು ಅಲ್ಲಿಯೂ ಬಹುಕಾಲ ಬಲವಂತರ ಆಯುಧವಾಗಿಯೇ ಉಳಿದಿತ್ತು. ಅದರ ಮೊನೆಯನ್ನು ಮುರಿದದ್ದು 1964ರ ಮಾರ್ಚ್ 9ರಂದು ಅಲ್ಲಿನ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು.

ಪ್ರಕರಣದ ಮೂಲ ಒಂದು ಜಾಹೀರಾತು. 1960ರ ಮಾರ್ಚ್ 29ರಂದು, ಮಾರ್ಟಿನ್ ಲೂಥರ್ ಕಿಂಗರ ಚಳವಳಿಗೆ ನೆರವನ್ನು ಕೋರಿ, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತು ಪ್ರಕಟವಾಯಿತು. ಅದರಲ್ಲಿ ಕೆಲವು ತಪ್ಪುಗಳಿದ್ದವು. ಕಿಂಗರನ್ನು ನಾಲ್ಕು ಬಾರಿ ಬಂಧಿಸಲಾಗಿತ್ತು, ಜಾಹೀರಾತು ಏಳು ಬಾರಿ ಎಂದಿತ್ತು. ವಿದ್ಯಾರ್ಥಿಗಳು ಹಾಡಿದ ಹಾಡು ಯಾವುದೆಂಬುದೂ ತಪ್ಪಾಗಿತ್ತು. ಅಲಬಾಮಾ ಪ್ರಾಂತದ ಮಾಂಟ್ಗೊಮರಿ ನಗರದಲ್ಲಿ ಪೊಲೀಸ್ ಇಲಾಖೆಯ ಹೊಣೆ ಹೊತ್ತಿದ್ದ ಸಲಿವನ್ ಎಂಬ ಅಧಿಕಾರಿಯು ತನ್ನ ಮಾನ ಹೋಯಿತೆಂದು ದಾವೆ ಹೂಡಿದನು. ಜಾಹೀರಾತಿನಲ್ಲಿ ಅವನ ಹೆಸರೇ ಇರಲಿಲ್ಲ. ಆದರೂ ಅಲ್ಲಿನ ಪಂಚರು ಐದು ಲಕ್ಷ ಡಾಲರ್ ಪರಿಹಾರವನ್ನು ಗೊತ್ತುಮಾಡಿದರು.

ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ದಾವೆಯಲ್ಲಿ ಪತ್ರಿಕೆಯ ಜೊತೆಗೆ ನಾಲ್ವರು ಕಪ್ಪು ಜನಾಂಗದ ಧರ್ಮಬೋಧಕರೂ ಪ್ರತಿವಾದಿಗಳಾಗಿದ್ದರು: ಅಬರ್ನಾತಿ, ಶಟಲ್ಸ್‌ವರ್ತ್, ಸೀ ಮತ್ತು ಲೋರಿ. ಅವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆಯದೆಯೇ ಜಾಹೀರಾತಿಗೆ ಸೇರಿಸಲಾಗಿತ್ತು. ಸಿರಿವಂತ ಪತ್ರಿಕೆಗೆ ಐದು ಲಕ್ಷ ಡಾಲರ್ ದೊಡ್ಡ ಹೊಡೆತವಾದರೆ, ಬಡ ಸಭೆಗಳ ಈ ಪಾಲಕರಿಗೆ ಅದು ಸರ್ವನಾಶವೇ ಸರಿ. ಮಾನವನ್ನು ಕಾಯಬೇಕಾದ ಕಾನೂನು ನ್ಯಾಯವನ್ನು ಬೇಡಿದವರ ಬಾಯನ್ನು ಮುಚ್ಚಿಸುವ ಉಪಕರಣವಾಗಿತ್ತು.

ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪು ಎರಡು ಸೂತ್ರಗಳನ್ನು ಹಾಕಿಕೊಟ್ಟಿತು. ಮೊದಲನೆಯದು: ಸಾರ್ವಜನಿಕ ಅಧಿಕಾರಿಯು ತನ್ನ ಅಧಿಕಾರದ ನಡವಳಿಕೆಯ ಬಗೆಗಿನ ಟೀಕೆಗೆ ಪರಿಹಾರ ಪಡೆಯಬೇಕಾದರೆ, ಮಾತು ಸುಳ್ಳೆಂದು ತಿಳಿದೂ ಆಡಲಾಯಿತು, ಅಥವಾ ಸುಳ್ಳೋ ನಿಜವೋ ಎಂಬ ಪರಿವೆಯೇ ಇಲ್ಲದೆ ಆಡಲಾಯಿತು ಎಂಬುದನ್ನು ಸಿದ್ಧಪಡಿಸಬೇಕು. ಎರಡನೆಯದು: ಸರ್ಕಾರದ ಮೇಲಿನ ಟೀಕೆಯನ್ನು ಒಬ್ಬ ಅಧಿಕಾರಿಯ ವೈಯಕ್ತಿಕ ಅಪಮಾನವೆಂದು ತಿರುಚುವಂತಿಲ್ಲ. ಪ್ರಾಮಾಣಿಕವಾಗಿ ತಪ್ಪುವವನಿಗೂ ಸ್ವಲ್ಪ ಎಡೆಯಿರದಿದ್ದರೆ ಸತ್ಯವನ್ನು ಹೇಳಬಲ್ಲವನೂ ಹೆದರಿ ಸುಮ್ಮನಾಗುತ್ತಾನೆ ಎಂಬುದು ಅದರ ಒಳತರ್ಕ.

ಹಾಗೆಂದು ಅಮೆರಿಕದಲ್ಲಿ ಮಾತಿಗೆ ಮಿತಿಯೇ ಇಲ್ಲವೆಂದು ತಿಳಿಯುವುದು ತಪ್ಪು. 1974ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಸಾರ್ವಜನಿಕ ಬಾಳಿಗೆ ಬಾರದ ಸಾಮಾನ್ಯ ವ್ಯಕ್ತಿಯ ಮಾನಕ್ಕೆ ಹೆಚ್ಚಿನ ರಕ್ಷಣೆ ಬೇಕೆಂದಿತು. ಇದರ ಫಲವನ್ನು ನಮ್ಮ ಕಾಲದಲ್ಲಿಯೇ ಕಾಣಬಹುದು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾದರು. ಆ ಘಟನೆ ನಡೆದೇ ಇಲ್ಲ, ಅಳುತ್ತಿರುವ ತಂದೆತಾಯಿಗಳು ನಟರು ಎಂದು ಅಲೆಕ್ಸ್ ಜೋನ್ಸ್ ಎಂಬ ಪ್ರಸಾರಕನು ವರ್ಷಗಟ್ಟಲೆ ಸಾರಿದನು. 2022ರಲ್ಲಿ ಕನೆಕ್ಟಿಕಟ್ ಪ್ರಾಂತದ ಪಂಚರು ಆ ಕುಟುಂಬಗಳಿಗೆ 96 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರವನ್ನು ವಿಧಿಸಿದರು. ಅಧಿಕಾರಸ್ಥರು ಹೆಚ್ಚು ಸಹಿಸಬೇಕು, ಸಾಮಾನ್ಯರು ಹೆಚ್ಚು ರಕ್ಷಣೆ ಪಡೆಯಬೇಕು ಎಂಬುದು ಅಲ್ಲಿನ ಕಾನೂನು ತಡವಾಗಿಯಾದರೂ ಕಂಡುಕೊಂಡ ಅಳತೆಗೋಲು.

ಕೋಲಾರ: ಒಂದು ಭಾಷಣ, ನಾಲ್ಕು ನ್ಯಾಯಾಲಯ

ಈ ಅಳತೆಗೋಲನ್ನು ಹಿಡಿದು ನಮ್ಮ ನೆಲಕ್ಕೆ ಬರೋಣ. ಭಾರತದ ಸಂವಿಧಾನದ 19ನೆಯ ವಿಧಿ ಮಾತಿನ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದೇ ವಿಧಿಯ ಎರಡನೆಯ ಖಂಡವು ಮಾನಹಾನಿಯನ್ನು ಆ ಸ್ವಾತಂತ್ರ್ಯದ ಮಿತಿಗಳಲ್ಲಿ ಒಂದೆಂದು ಹೆಸರಿಸಿದೆ. ಅಮೆರಿಕದಲ್ಲಿ ಮಾನನಷ್ಟವು ಬಹುಮಟ್ಟಿಗೆ ಹಣದ ಪರಿಹಾರದ ವಿಷಯ. ನಮ್ಮಲ್ಲಿ ಅದು ಸೆರೆಮನೆಯ ವಿಷಯವೂ ಹೌದು. 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 499 ಮತ್ತು 500ನೆಯ ಕಲಮುಗಳು ಎರಡು ವರ್ಷಗಳವರೆಗಿನ ಸಾದಾ ಸಜೆಗೆ ಅವಕಾಶವಿತ್ತವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಅದನ್ನು ಉಳಿಸಿಕೊಂಡು, ಸಮುದಾಯ ಸೇವೆ ಎಂಬ ಶಿಕ್ಷೆಯನ್ನೂ ಸೇರಿಸಿದೆ.

2019ರ ಏಪ್ರಿಲ್ 13ರಂದು ಲೋಕಸಭಾ ಚುನಾವಣೆಯ ಪ್ರಚಾರಕ್ಕಾಗಿ ಕೋಲಾರಕ್ಕೆ ಬಂದ ರಾಹುಲ್ ಗಾಂಧಿಯವರು ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಎಂಬ ಹೆಸರುಗಳನ್ನೆತ್ತಿ, ಕಳ್ಳರೆಲ್ಲರಿಗೂ ಒಂದೇ ಉಪನಾಮ ಬಂದದ್ದು ಹೇಗೆಂದು ಕೇಳಿದರು. ಗುಜರಾತಿನ ಶಾಸಕ ಪೂರ್ಣೇಶ್ ಮೋದಿಯವರು, ತಮ್ಮ ಸಮುದಾಯದ ಮಾನಕ್ಕೆ ಕುಂದಾಯಿತೆಂದು ಸೂರತ್ತಿನಲ್ಲಿ ದೂರಿತ್ತರು. 2023ರ ಮಾರ್ಚ್ 23ರಂದು ಸೂರತ್ತಿನ ಮ್ಯಾಜಿಸ್ಟ್ರೇಟರ ನ್ಯಾಯಾಲಯವು ಎರಡು ವರ್ಷಗಳ ಸಜೆಯನ್ನು ವಿಧಿಸಿತು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸಜೆಯಾದರೆ ಜನಪ್ರತಿನಿಧಿಯು ಸ್ಥಾನವನ್ನು ಕಳೆದುಕೊಳ್ಳುವನೆಂಬುದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ನಿಯಮ. ಮರುದಿನವೇ ಅವರು ಲೋಕಸಭೆಯ ಸದಸ್ಯತ್ವವನ್ನು ಕಳೆದುಕೊಂಡರು. ಸೂರತ್ತಿನ ಸೆಷನ್ಸ್ ನ್ಯಾಯಾಲಯವೂ ಗುಜರಾತ್ ಹೈಕೋರ್ಟೂ ಅಪರಾಧನಿರ್ಣಯಕ್ಕೆ ತಡೆ ಕೊಡಲಿಲ್ಲ. 2023ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಮೂರು ದಿನಗಳ ಬಳಿಕ ಸದಸ್ಯತ್ವ ಮರಳಿತು. ಗರಿಷ್ಠ ಶಿಕ್ಷೆಯನ್ನೇ ಏಕೆ ವಿಧಿಸಲಾಯಿತೆಂಬುದಕ್ಕೆ ವಿಚಾರಣಾ ನ್ಯಾಯಾಲಯವು ಕಾರಣ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮಾತುಗಳು ಸುರುಚಿಯವಲ್ಲ, ಸಾರ್ವಜನಿಕ ಬಾಳಿನಲ್ಲಿರುವವರು ಎಚ್ಚರದಿಂದ ಮಾತಾಡಬೇಕು ಎಂದೂ ಹೇಳಿತು.

ಪಕ್ಷಗಳ ಗೊಡವೆ ನಮಗೆ ಬೇಡ. ಈ ಪ್ರಕರಣದಿಂದ ಕಲಿಯಬೇಕಾದ ಎರಡು ಪಾಠಗಳಿವೆ. ಒಂದು ಕುಲದ ಹೆಸರಿಗೆ ಕಳ್ಳತನವನ್ನು ತಳುಕುಹಾಕುವುದು ಸರಿಯಲ್ಲ, ಹಾಸ್ಯಕ್ಕೂ ಸರಿಯಲ್ಲ. ಹಾಗೆಯೇ, ಚುನಾವಣೆಯ ಕಣದಲ್ಲಿ ಆಡಿದ ಒಂದು ವಾಕ್ಯಕ್ಕೆ ಸೆರೆಮನೆಯೂ ಮತದಾರರ ಪ್ರತಿನಿಧಿಯ ಸ್ಥಾನವೂ ಬೆಲೆಯಾಗಬಾರದು. ಅಲಬಾಮಾದ ಜಾಹೀರಾತಿನಲ್ಲಿ ಸಲಿವನ್ನನ ಹೆಸರಿರಲಿಲ್ಲ. ಕೋಲಾರದ ಭಾಷಣದಲ್ಲಿ ದೂರುದಾರರ ಪ್ರಸ್ತಾಪವಿರಲಿಲ್ಲ. ಅಲ್ಲಿ ಸಾಗರದಾಚೆಯ ನ್ಯಾಯಾಲಯವು ನಾಲ್ಕು ವರ್ಷಗಳಲ್ಲಿ ಒಂದು ಸೂತ್ರವನ್ನು ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1994ರಲ್ಲಿ, 'ನಕ್ಕೀರನ್' ಪತ್ರಿಕೆಯ ಸಂಪಾದಕ ಆರ್. ರಾಜಗೋಪಾಲರ ಪ್ರಕರಣದಲ್ಲಿ, ಅದೇ ಬಗೆಯ ಸೂತ್ರವನ್ನು ಪರಿಹಾರದ ದಾವೆಗಳ ಮಟ್ಟಿಗೆ ಅಂಗೀಕರಿಸಿತ್ತು. ಆದರೆ ದಂಡನೆಯ ಕಾನೂನು ಹಾಗೆಯೇ ಉಳಿಯಿತು. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಮಾನವು ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಆ ಕಾನೂನನ್ನು ಎತ್ತಿಹಿಡಿಯಿತು.

ಶ್ರೀನಿವಾಸಪುರ: ಸದನದೊಳಗಿನ ಮಾತು

ವೇದಿಕೆಯ ಮೇಲೆ ಆಡಿದ ಮಾತಿಗೆ ನ್ಯಾಯಾಲಯವಿದೆ. ಶಾಸನಸಭೆಯೊಳಗೆ ಆಡಿದ ಮಾತಿಗೆ? ಸಂವಿಧಾನದ 194ನೆಯ ವಿಧಿಯಂತೆ ಶಾಸಕರು ಸದನದಲ್ಲಿ ಆಡಿದ ಯಾವ ಮಾತಿಗೂ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗಿಲ್ಲ. ರಾಜನಿಗೆ ಅಂಜದೆ ಪ್ರಜೆಗಳ ಪರವಾಗಿ ಮಾತಾಡಲೆಂದು ಇಂಗ್ಲೆಂಡಿನ ಪಾರ್ಲಿಮೆಂಟು ಗಳಿಸಿಕೊಂಡ ಹಕ್ಕು ಇದು. ಇದು ಬೇಕೇ ಬೇಕಾದ ಹಕ್ಕು. ಆದರೆ ಹಕ್ಕು ಎಷ್ಟು ದೊಡ್ಡದೋ ಹೊಣೆಯೂ ಅಷ್ಟೇ ದೊಡ್ಡದು.

ಶ್ರೀನಿವಾಸಪುರ ಕ್ಷೇತ್ರದಿಂದ ಅನೇಕ ಬಾರಿ ಆಯ್ಕೆಯಾದ ಕೆ.ಆರ್. ರಮೇಶ್ ಕುಮಾರರು ಎರಡು ಬಾರಿ ವಿಧಾನಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದವರು, ಮಾತಿನ ಬಲವುಳ್ಳವರು. 2021ರ ಡಿಸೆಂಬರ್ 16ರಂದು ಬೆಳಗಾವಿಯ ಅಧಿವೇಶನದಲ್ಲಿ, ಸದನದ ಗದ್ದಲದ ನಡುವೆ, ಅತ್ಯಾಚಾರವನ್ನು ಕುರಿತ ಒಂದು ಹೀನವಾದ ನುಡಿಯನ್ನು ಅವರು ಹಾಸ್ಯವಾಗಿ ಎತ್ತಿಕೊಂಡರು. ನೊಂದವರು ದೇಶದ ಹೆಣ್ಣುಮಕ್ಕಳು. ಯಾವ ನ್ಯಾಯಾಲಯವೂ ಅವರನ್ನು ಕೇಳುವಂತಿರಲಿಲ್ಲ. ಆದರೆ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಅದನ್ನು ಜನರ ಮುಂದಿಟ್ಟವು, ಜನರು ಕೇಳಿದರು. ಮರುದಿನ ಅವರು ಸದನದಲ್ಲಿಯೇ ಕ್ಷಮೆ ಯಾಚಿಸಿದರು. ಕಾನೂನಿಗೆ ಎಟುಕದ ಮಾತನ್ನು ಸಾರ್ವಜನಿಕ ಲಜ್ಜೆಯು ಎಟುಕಿಸಿಕೊಂಡಿತು. ಮಾಧ್ಯಮವು ಸ್ವತಂತ್ರವಾಗಿದ್ದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಇದೇ ವಿಧಾನಸಭೆಯ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2017ರ ಜೂನಿನಲ್ಲಿ ಆಗಿನ ಸಭಾಧ್ಯಕ್ಷ ಕೆ.ಬಿ. ಕೋಳಿವಾಡರು, ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನಂತೆ, 'ಹಾಯ್ ಬೆಂಗಳೂರು' ಸಂಪಾದಕ ರವಿ ಬೆಳಗೆರೆಯವರಿಗೂ 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜು ಅವರಿಗೂ ಒಂದು ವರ್ಷದ ಸೆರೆವಾಸವನ್ನೂ ಹತ್ತು ಸಾವಿರ ರೂಪಾಯಿಗಳ ದಂಡವನ್ನೂ ಪ್ರಕಟಿಸಿದರು. ಶಾಸಕರ ಮಾನಕ್ಕೆ ಕುಂದು ತರುವ ಲೇಖನಗಳನ್ನು ಬರೆದರೆಂಬುದು ಆರೋಪ. ಸಂಪಾದಕರು ಹೈಕೋರ್ಟಿನ ಮೊರೆಹೊಕ್ಕರು. ಆ ಲೇಖನಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆ ಇಲ್ಲಿ ಬೇಡ. ಅವು ಸುಳ್ಳಾಗಿದ್ದರೆ ಶಾಸಕರಿಗೆ ಎಲ್ಲರಿಗೂ ಇರುವ ನ್ಯಾಯಾಲಯವಿತ್ತು. ನೊಂದವನೇ ನ್ಯಾಯಾಧೀಶನಾಗಿ ಕುಳಿತ ಪೀಠದಿಂದ ಬಂದ ತೀರ್ಪನ್ನು ನ್ಯಾಯವೆಂದು ಒಪ್ಪುವುದು ಕಷ್ಟ. 1908ರಲ್ಲಿ ದಿವಾನರ ಸರ್ಕಾರವು ಹಿಡಿದ ಕತ್ತಿಯನ್ನು 2017ರಲ್ಲಿ ಜನರೇ ಆರಿಸಿದ ಸಭೆಯು ಹಿಡಿಯಿತಲ್ಲವೇ?

ಮಾಲೂರು: ಸತ್ತವರ ಹೆಸರು

ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನೊಂದಿಗೆ ಸೇರಿದ ಮಾಸ್ತಿ ಗ್ರಾಮವು ಮಾಲೂರು ತಾಲ್ಲೂಕಿನಲ್ಲಿದೆ. ಅವರು ಕಥೆಗಾರರೆಂದು ನಾಡು ಬಲ್ಲದು. 1944ರಿಂದ ಎರಡು ದಶಕಗಳ ಕಾಲ 'ಜೀವನ' ಮಾಸಪತ್ರಿಕೆಯ ಸಂಪಾದಕರೂ ಆಗಿದ್ದರೆಂಬುದನ್ನು ಬಲ್ಲವರು ಕಡಿಮೆ. ಅವರ 'ಚೆನ್ನಬಸವನಾಯಕ' ಬಿದನೂರಿನ ಕೊನೆಯ ದಿನಗಳನ್ನೂ, ಜ್ಞಾನಪೀಠ ಪ್ರಶಸ್ತಿಯನ್ನು ತಂದ 'ಚಿಕವೀರ ರಾಜೇಂದ್ರ'ವು 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಕೊನೆಯ ಅರಸನನ್ನೂ ಕುರಿತವು. ಎರಡರಲ್ಲಿಯೂ ಬರುವವರು ನಿಜವಾಗಿ ಬಾಳಿದ ರಾಜರಾಣಿಯರು.

ಸತ್ತವರಿಗೂ ಮಾನವುಂಟೇ? ಅಮೆರಿಕದ ಕಾನೂನಿನಲ್ಲಿ ಸಾಮಾನ್ಯವಾಗಿ ಮೃತರ ಮಾನನಷ್ಟವೆಂಬುದಿಲ್ಲ. ನಮ್ಮ ದಂಡಸಂಹಿತೆಯ ವಿವರಣೆ ಬೇರೆ: ಬದುಕಿದ್ದರೆ ಮಾನಕ್ಕೆ ಕುಂದಾಗುತ್ತಿದ್ದಂಥ ಆರೋಪವನ್ನು, ಮನೆಯವರ ಮನಸ್ಸನ್ನು ನೋಯಿಸುವ ಉದ್ದೇಶದಿಂದ, ಮೃತನ ಮೇಲೆ ಹೊರಿಸಿದರೆ ಅದೂ ಅಪರಾಧವಾಗಬಹುದು. ಚರಿತ್ರೆಯನ್ನು ಬರೆಯುವವರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಅರಸನ ಕ್ರೌರ್ಯವನ್ನು ಬಚ್ಚಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ. ದ್ವೇಷದಿಂದ ಬರೆದರೆ ಸತ್ತವನು ಎದ್ದು ಬಂದು ಉತ್ತರಿಸಲಾರನು. ಕೆಡುಕು ಮಾಡಿದವನನ್ನೂ ಮನುಷ್ಯನೆಂದು ಕಂಡು, ಅವನು ಹಾಗಾದದ್ದೇಕೆಂದು ವಿಚಾರಿಸುವ ಸಂಯಮವು ಮಾಸ್ತಿಯವರ ಬರವಣಿಗೆಯಲ್ಲಿದೆ. ಯಾವ ಕಾನೂನೂ ಇದನ್ನು ಬರೆಹಗಾರನಿಂದ ಬಲವಂತವಾಗಿ ಪಡೆಯಲಾರದು.

ದೂರು ಕೊಡಲಾರದವರು

ಅಧಿಕಾರಿಗೆ, ಶಾಸಕನಿಗೆ, ಸತ್ತ ಅರಸನಿಗೆ ಕೂಡ ಕಾನೂನು ಕಾವಲಿದೆ. ಬದುಕಿರುವ ಬಡವನಿಗೆ? ಬ್ರಿಟಿಷ್ ಸರ್ಕಾರವು 1871ರಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯಿದೆ'ಯನ್ನು ಮಾಡಿ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ದಕ್ಷಿಣದಲ್ಲಿ ಕೊರಚರಂಥವರು ಈ ಪಟ್ಟಿಗೆ ಸೇರಿದರು. ಸ್ವತಂತ್ರ ಭಾರತವು 1952ರಲ್ಲಿ ಅದನ್ನು ರದ್ದುಗೊಳಿಸುವವರೆಗೆ, ಸುಮಾರು ಎಂಬತ್ತು ವರ್ಷ, ಕಾನೂನೇ ಅವರ ಮಾನವನ್ನು ಕಳೆಯುತ್ತಿತ್ತು. ಅವರು ಯಾವ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆ ಹೂಡಬೇಕಾಗಿತ್ತು?

ಕಾಯಿದೆ ಹೋಯಿತು, ಅಭ್ಯಾಸ ಹೋಗಲಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಯುವ ವರದಿಗಾರನನ್ನು ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ವಿಚಾರಣೆಗೆ ಮೊದಲೇ ಕೆಲವು ಮಾಧ್ಯಮಗಳು ಅವನನ್ನು ಸಂಚಿನ ಸೂತ್ರಧಾರನೆಂದು ಸಾರಿದವು. ರಾಷ್ಟ್ರೀಯ ತನಿಖಾ ದಳಕ್ಕೆ ಅವನ ವಿರುದ್ಧ ಸಾಕ್ಷ್ಯ ದೊರೆಯಲಿಲ್ಲ. ಸುಮಾರು ಆರು ತಿಂಗಳ ಸೆರೆವಾಸದ ನಂತರ 2013ರ ಫೆಬ್ರವರಿಯಲ್ಲಿ ಅವನು ಹೊರಬಂದನು. ಸ್ವತಃ ಪತ್ರಕರ್ತನಾದವನ ಗತಿಯೇ ಇದಾದರೆ, ಪತ್ರಿಕೆಯ ಬಾಗಿಲನ್ನೇ ಕಾಣದ ಕೂಲಿಯವನ ಗತಿಯೇನು?

ಅಮೆರಿಕದಲ್ಲಿಯೂ ಇಂಥದು ನಡೆದಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸಮಯದಲ್ಲಿ ಬಾಂಬಿದ್ದ ಚೀಲವನ್ನು ಮೊದಲು ಗುರುತಿಸಿ ಜನರನ್ನು ದೂರ ಸರಿಸಿದ ಕಾವಲುಗಾರ ರಿಚರ್ಡ್ ಜುವೆಲ್. ಮೂರು ದಿನಗಳಲ್ಲಿ ಪತ್ರಿಕೆಗಳು ಅವನನ್ನೇ ಶಂಕಿತನನ್ನಾಗಿಸಿದವು. 88 ದಿನಗಳ ನಂತರ ಸರ್ಕಾರವು ಅವನು ಶಂಕಿತನಲ್ಲವೆಂದು ತಿಳಿಸಿತು. ಕೆಲವು ಮಾಧ್ಯಮ ಸಂಸ್ಥೆಗಳು ಅವನೊಂದಿಗೆ ರಾಜಿ ಮಾಡಿಕೊಂಡವು. ಆದರೆ ಅವನ ಮೇಲಿನ ಶಂಕೆಯನ್ನು ಮೊದಲು ಹೊರಗೆಡಹಿದ ಪತ್ರಿಕೆಯ ಮೇಲಿನ ದಾವೆ ಅವನು 2007ರಲ್ಲಿ ತೀರಿಕೊಂಡ ಮೇಲೂ ನಡೆದು, ಕೊನೆಗೆ ಪತ್ರಿಕೆಯೇ ಗೆದ್ದಿತು. ಪೊಲೀಸರು ಶಂಕಿಸಿದ್ದರೆಂಬ ವರದಿ ಆ ಹೊತ್ತಿಗೆ ನಿಜವೇ ಆಗಿತ್ತೆಂಬುದು ಅದರ ಸಮರ್ಥನೆ. ಕಾನೂನಿನ ಪ್ರಕಾರ ಸತ್ಯ. ಒಬ್ಬ ಮನುಷ್ಯನ ಬಾಳಿಗೆ ಬೆಂಕಿ.

ನಮ್ಮ ದೇಶದಲ್ಲಿ 1966ರಲ್ಲಿ ಸ್ಥಾಪನೆಯಾಗಿ, 1978ರ ಕಾಯಿದೆಯಂತೆ ಪುನಃ ರಚನೆಗೊಂಡ ಭಾರತೀಯ ಪತ್ರಿಕಾ ಮಂಡಳಿಯಿದೆ. ಅದು ತಪ್ಪಿತಸ್ಥ ಪತ್ರಿಕೆಯನ್ನು ಎಚ್ಚರಿಸಬಹುದು, ಖಂಡಿಸಬಹುದು, ದಂಡಿಸಲಾರದು. ದೂರದರ್ಶನ ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಹಣವುಳ್ಳವರು ಇನ್ನೊಂದು ದಾರಿಯನ್ನು ಕಂಡುಕೊಂಡಿದ್ದಾರೆ: ಲೇಖನ ಸುಳ್ಳೆಂದು ಸಿದ್ಧವಾಗುವ ಮೊದಲೇ ತಡೆಯಾಜ್ಞೆಯನ್ನು ತರುವುದು. 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆಜ್ಞೆಗಳನ್ನು ಸುಲಭವಾಗಿ ಕೊಡಕೂಡದೆಂದು ಎಚ್ಚರಿಸಬೇಕಾಯಿತು. ಹೀಗೆ ನಮ್ಮ ವ್ಯವಸ್ಥೆಯಲ್ಲಿ ಬಲವಂತನ ಮಾನಕ್ಕೆ ಪ್ರಕಟಣೆಗೆ ಮುಂಚೆಯೇ ತಡೆಗೋಡೆ ಎದ್ದರೆ, ದುರ್ಬಲನ ಮಾನಕ್ಕೆ ಪ್ರಕಟಣೆಯಾದ ಮೇಲೂ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ದೊರೆತರೆ ಅದೇ ಭಾಗ್ಯ. ಅಳತೆಗೋಲು ತಲೆಕೆಳಗಾಗಿದೆ.

ಮರಳಿ ಕೊಡುವ ಕರ್ತವ್ಯ

ಕಾನೂನು ತಲುಪಲಾರದ ಈ ಎಡೆಯನ್ನು ತಲುಪಬಲ್ಲದ್ದು ಮನಸ್ಸಾಕ್ಷಿ ಒಂದೇ. ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ನೆರೆಯವನ ವಿರುದ್ಧ ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಇದನ್ನು ವಿವರಿಸುವಾಗ ಧರ್ಮಸಭೆಯ ನೀತಿಬೋಧೆಯು ಎರಡು ಪಾಪಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಸುಳ್ಳನ್ನು ಹೇಳಿ ಒಬ್ಬನ ಹೆಸರನ್ನು ಕೆಡಿಸುವುದು ಒಂದು. ನಿಜವೇ ಆದ ದೋಷವನ್ನು, ತಕ್ಕ ಕಾರಣವಿಲ್ಲದೆ, ಅರಿಯದವರ ಮುಂದೆ ಬಿಚ್ಚಿಡುವುದು ಇನ್ನೊಂದು. ಅಮೆರಿಕದ ಕಾನೂನಿಗೆ ಸತ್ಯವೊಂದಿದ್ದರೆ ಸಾಕು. ನಮ್ಮ ದಂಡಸಂಹಿತೆಗೆ ಸತ್ಯದ ಜೊತೆಗೆ ಸಾರ್ವಜನಿಕ ಹಿತವೂ ಬೇಕು. ನೀತಿಬೋಧೆಯು ಮೂರನೆಯ ಮೆಟ್ಟಿಲನ್ನೂ ಏರುತ್ತದೆ: ಕೆಡಿಸಿದ ಹೆಸರನ್ನು ಮರಳಿ ಕಟ್ಟಿಕೊಡಬೇಕು. ಕದ್ದ ಹಣವನ್ನು ಹಿಂದಿರುಗಿಸದೆ ಪಾಪನಿವೇದನೆಯಷ್ಟೇ ಸಾಲದೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಕದ್ದ ಮಾನದ ವಿಷಯದಲ್ಲಿಯೂ ನಿಯಮ ಅದೇ.

ಈ ಬೋಧೆಯನ್ನು ಅಧಿಕಾರಸ್ಥರ ತಪ್ಪುಗಳ ಮೇಲೆ ಹೊದಿಸುವ ಬಟ್ಟೆಯಾಗಿ ಬಳಸಕೂಡದು. ಬಡವರಿಗೆ ಸೇರಬೇಕಾದುದನ್ನು ನುಂಗಿದವನ ಹೆಸರನ್ನು ಹೇಳುವುದು ಪಾಪವಲ್ಲ, ಕರ್ತವ್ಯ. ಆ ನುಂಗಿದವನು ನಮ್ಮವನೇ ಆಗಿರಲಿ, ನಮ್ಮ ಸಂಸ್ಥೆಯವನೇ ಆಗಿರಲಿ, ನಿಯಮ ಬದಲಾಗದು. ಸಮಾಜಕ್ಕೆ ಮಾಹಿತಿಯನ್ನು ಪಡೆಯುವ ಹಕ್ಕಿದೆ ಎಂಬುದನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಂಪರ್ಕ ಮಾಧ್ಯಮಗಳನ್ನು ಕುರಿತ ತನ್ನ ಆದೇಶಪತ್ರದಲ್ಲಿ ಒಪ್ಪಿಕೊಂಡಿದೆ. ಸತ್ಯವೂ ನ್ಯಾಯವೂ ಪ್ರೀತಿಯೂ ಆ ಹಕ್ಕಿನ ಜೊತೆಗಿರಬೇಕೆಂದೂ ಹೇಳಿದೆ. ಸಂಘಸಂಸ್ಥೆಗಳು ತಮ್ಮ ಹೆಸರನ್ನು ಉಳಿಸಿಕೊಳ್ಳಲೆಂದು ನೊಂದವರ ಬಾಯಿ ಮುಚ್ಚಿಸಿದಾಗ, ಅವು ಅಲಬಾಮಾದ ಆ ಅಧಿಕಾರಿಯ ಪಕ್ಕದಲ್ಲಿಯೇ ನಿಲ್ಲುತ್ತವೆ.

ಪ್ರಿಯ ಓದುಗರೇ, ಇಂದು ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದು ಮುದ್ರಣಾಲಯವಿದೆ. 1913ರಲ್ಲಿ ಗುಂಡಪ್ಪನವರು ಅಚ್ಚಿನ ಮೊಳೆಗಳನ್ನು ಜೋಡಿಸಿ, ಕರಡನ್ನು ತಿದ್ದಿ, ಸಾಲದ ಕಾಗದದ ಮೇಲೆ ಮುದ್ರಿಸುವಷ್ಟರಲ್ಲಿ ಯೋಚಿಸಲು ಸಮಯವಿರುತ್ತಿತ್ತು. ನಮಗೆ ಆ ಸಮಯವಿಲ್ಲ. ನಾವೇ ಅದನ್ನು ಮಾಡಿಕೊಳ್ಳಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಒಂದು ಭಾವಚಿತ್ರವನ್ನೋ ಆರೋಪವನ್ನೋ ಮುಂದಕ್ಕೆ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದು ನಿಜವೆಂದು ನಾನು ಬಲ್ಲೆನೇ? ಇದನ್ನು ತಿಳಿಯುವುದರಿಂದ ಯಾರಿಗಾದರೂ ಒಳಿತುಂಟೇ? ಈ ಮಾತಿಗೆ ಗುರಿಯಾದವನಿಗೆ ಉತ್ತರ ಕೊಡುವ ಶಕ್ತಿಯಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ ಮೊದಲೆರಡನ್ನು ಇನ್ನೊಮ್ಮೆ ಕೇಳಿಕೊಳ್ಳಬೇಕು. ನಾವು ಕಳುಹಿಸಿದ್ದು ಸುಳ್ಳೆಂದು ಆಮೇಲೆ ತಿಳಿದುಬಂದರೆ, ಅದನ್ನು ಯಾರು ಯಾರಿಗೆ ಕಳುಹಿಸಿದ್ದೆವೋ ಅವರೆಲ್ಲರಿಗೂ ನಿಜವನ್ನು ಮತ್ತೆ ಬರೆದು ತಿಳಿಸಬೇಕು. ಮೂಲೆಯ ಎರಡು ಸಾಲಿನಲ್ಲಿ ಬೇಡ. ಸುಳ್ಳು ಎಷ್ಟು ದೊಡ್ಡ ಅಕ್ಷರದಲ್ಲಿತ್ತೋ ಅಷ್ಟೇ ದೊಡ್ಡ ಅಕ್ಷರದಲ್ಲಿ.